ಮೊದಲು ಬಾಟಲಿ, ಆಮೇಲೆ ಕೆಗ್

ಪೋರ್ಟ್‌ಲ್ಯಾಂಡ್‌ನಲ್ಲಿರುವ ನಮ್ಮ ಮನೆಯ ಗರಾಜಿನಲ್ಲಿ ಒಂದು ಸಲಕ್ಕೆ 23 ಲೀಟರ್ ಬಿಯರ್ ಮಾಡುತ್ತೇನೆ. ಅಮೆರಿಕದ ಕೇಂದ್ರ ಕಾನೂನು 1978ರಲ್ಲಿ ಇದಕ್ಕೆ ದಾರಿ ಬಿಟ್ಟಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ. ನನ್ನ ಕೆಗ್‌ಗೆ ಹಿಡಿಸುವುದು 19 ಲೀಟರ್. ತಳದ ಗಸಿ ಬಿಟ್ಟು ಮಿಕ್ಕಿದ್ದು 330 ಮಿಲಿಯ ಹತ್ತು ಬಾಟಲಿಗೆ ಸಾಕು.

1. ಗುಳ್ಳೆ ನಿಂತಿತೆಂದು ಹುದುಗು ಮುಗಿದಿದೆ ಅಂದುಕೊಳ್ಳಬೇಡಿ. ಮೂರು ದಿನ ಬಿಟ್ಟು ಎರಡು ಸಲ ಹೈಡ್ರೋಮೀಟರ್ ಇಳಿಬಿಡಿ, ಅಳತೆ ಕದಲಬಾರದು. ಆತುರ ಮಾಡಿದ ವರ್ಷ ರಾತ್ರಿ ಕಪಾಟಿನೊಳಗೆ ಒಂದು ಬಾಟಲಿ ಸಿಡಿಯಿತು. ಬೆಳಗ್ಗೆ ನೋಡಿದರೆ ಗಾಜಿನ ಚೂರು ಮೇಲಿನ ಹಲಗೆಯಲ್ಲಿ ನಾಟಿಕೊಂಡಿತ್ತು. ಕೆಗ್‌ನ ಒತ್ತಡ ಹೆಚ್ಚಿದರೆ ಕವಾಟ ಎತ್ತಿ ಬಿಡಬಹುದು. ಮುಚ್ಚಳ ಒತ್ತಿದ ಬಾಟಲಿಗೆ ಆ ದಾರಿಯಿಲ್ಲ.

2. ಸಕ್ಕರೆ ಬಾಟಲಿಗೆ ಮಾತ್ರ. ಮೊದಲ ಸಲ ಪಾಕವನ್ನು ಇಡೀ ಬಕೆಟ್ಟಿಗೆ ಸುರಿದು, ಕೆಗ್ಗನ್ನು ನೇರವಾಗಿ ಫ್ರಿಜ್ಜಿಗೆ ಇಟ್ಟೆ. ಚಳಿಗೆ ಯೀಸ್ಟ್ ಮಲಗಿಬಿಟ್ಟಿತು, ಸಕ್ಕರೆ ಹಾಗೆಯೇ ಉಳಿಯಿತು. ಮೂರು ವಾರ ಕಾದು ಗ್ಲಾಸಿಗೆ ಬಿಟ್ಟರೆ ಎಳೆಸಿಹಿ. ಈಗ ಪ್ರತಿ ಬಾಟಲಿಗೂ 2 ಗ್ರಾಂ ಬಿಳಿ ಸಕ್ಕರೆ ತೂಗಿ ಹಾಕುತ್ತೇನೆ, ದಶಮಾಂಶ ತೋರಿಸುವ ತಕ್ಕಡಿಯಲ್ಲಿ. ಚಮಚದ ಅಂದಾಜು ಇಲ್ಲಿ ನಡೆಯದು: ಇಷ್ಟು ಚಿಕ್ಕ ಬಾಟಲಿಯಲ್ಲಿ ಒಂದು ಗ್ರಾಂ ಹೆಚ್ಚಾದರೂ ನೊರೆ ಉಕ್ಕುತ್ತದೆ.

3. ನನಗೆ ತಡವಾಗಿ ಹೊಳೆದದ್ದು ತುಂಬುವ ಸರದಿ. ದೊಡ್ಡದೆಂದು ಕೆಗ್ ಮೊದಲು ತುಂಬುತ್ತಿದ್ದೆ. ಕೊನೆಗೆ ಬಾಟಲಿಗಳ ಪಾಲಿಗೆ ಬರುತ್ತಿದ್ದದ್ದು ಕದಡಿದ ಬಿಯರ್; ಹತ್ತನೆಯದು ಅರ್ಧವೇ ತುಂಬಿ, ಒಳಗುಳಿದ ಗಾಳಿಗೆ ಒದ್ದೆ ರಟ್ಟಿನ ವಾಸನೆ ಹಿಡಿಯುತ್ತಿತ್ತು. ಈಗ ಸೈಫನ್ ಕೊಳವೆಯನ್ನು ಬಕೆಟ್ಟಿನ ನಡುಮಟ್ಟದಲ್ಲಿ ಹಿಡಿದು ತಿಳಿಯಾದದ್ದನ್ನು ಬಾಟಲಿಗೆ ಕೊಡುತ್ತೇನೆ. ತುಂಬುವ ಕಡ್ಡಿ ತಳ ಮುಟ್ಟಿರಲಿ, ಬಿಯರ್ ಕಂಠದ ಅಂಚಿಗೆ ಬಂದಾಗ ಎತ್ತಿ. ಕಡ್ಡಿಯಷ್ಟು ಜಾಗ ಇಳಿದು, ಮೇಲೆ ಬೇಕಾದಷ್ಟೇ ಖಾಲಿ ಉಳಿಯುತ್ತದೆ. ಮಿಕ್ಕಿದ್ದು ಕೆಗ್‌ಗೆ. ಅದರ ಕೊಳವೆ ತಳದಿಂದಲೇ ಎಳೆಯುವುದರಿಂದ ಕೂತ ಗಸಿ ಮೊದಲ ಅರ್ಧ ಗ್ಲಾಸಿನಲ್ಲೇ ಹೊರಬೀಳುತ್ತದೆ. ಒಂದೆರಡು ಲೀಟರ್ ಕಡಿಮೆ ಬಿದ್ದರೂ ಕೆಗ್‌ಗೆ ಬಾಧಕವಿಲ್ಲ, ಆ ಜಾಗದಲ್ಲಿ ಗ್ಯಾಸ್ ಇರುತ್ತದೆ.

4. ತುಂಬುವ ಮುಂಚೆ ಕೆಗ್ಗಿನ ಗಾಳಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಹೊರದೂಡಿ. ಆಮೇಲೆ 3 ಡಿಗ್ರಿ ಚಳಿ, 12 ಪಿಎಸ್‌ಐ ಒತ್ತಡ, ಎರಡು ವಾರ. ಮುಚ್ಚಳದ ಸುತ್ತ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಇದೊಂದನ್ನು ಬಿಟ್ಟು ಒಂದು ಸಿಲಿಂಡರನ್ನೇ ಕಳೆದುಕೊಂಡಿದ್ದೇನೆ.

5. ಬಾಟಲಿಗಳಿಗೆ ಆ ಚಳಿ ಬೇಡ. ಸುಮಾರು 20 ಡಿಗ್ರಿಯ ಕತ್ತಲೆ ಮೂಲೆಯಲ್ಲಿ ಎರಡು ವಾರ ಇಟ್ಟು, ಮುಚ್ಚಳದ ಮೇಲೆ ತಾರೀಖು ಬರೆಯಿರಿ. ಹಾಪ್ಸ್ ಘಮದ ಐಪಿಎ ಹಳತಾದಷ್ಟೂ ಮಂಕಾಗುತ್ತದೆ, ಅದನ್ನು ಕೆಗ್‌ನಿಂದ ಬೇಗ ಕುಡಿದು ಮುಗಿಸುವುದೇ ಸರಿ. ಕಪ್ಪು ಪೋರ್ಟರ್ ಮಾಡಿದಾಗ ಬಾಟಲಿಯ ಪಾಲು ಹೆಚ್ಚಿಸುತ್ತೇನೆ. ಕಳೆದ ಚಳಿಗಾಲದಲ್ಲಿ ಆರು ತಿಂಗಳ ಪೋರ್ಟರ್ ಬಾಟಲಿ ತೆರೆದೆ. ಕೆಗ್‌ನಲ್ಲಿದ್ದಾಗ ನಾಲಿಗೆಗೆ ಒರಟಾಗಿದ್ದ ಹುರಿದ ಮಾಲ್ಟಿನ ಕಹಿ, ಅದೇ ಬಕೆಟ್ಟಿನ ಆ ಬಾಟಲಿಯಲ್ಲಿ ಮೆತ್ತಗಾಗಿ ಕಾಫಿಯ ಹತ್ತಿರ ಬಂದಿತ್ತು.