ಗುಳಗಿ ಕೊಡುವ ಕೈ

ಠಾಣೆ ಪೂರ್ವದ ಕೋಪರಿಯಲ್ಲಿ ಟಿ.ಬಿ. ರೋಗಿಗಳ ಮನೆಮನೆಗೆ ಹೋಗಿ ಔಷಧೋಪಚಾರ ನೋಡಿಕೊಳ್ಳುವುದು ನನ್ನ ಕೆಲಸ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿದ್ದರೆ, ಕನ್ನಡ ಬರುತ್ತದೆಂದು ನನ್ನನ್ನೇ ಕಳಿಸುತ್ತಾರೆ. ಆ ಮನೆಗಳ ಮಕ್ಕಳಿಂದ, ಅವರನ್ನು ಸಾಕುವವರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಗುಳಗಿ ಕರಗಿಸುವವರು ಯಾರು ಎಂದು ಮೊದಲು ಕೇಳಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನ ಔಷಧಿ ಶುರುವಾಯಿತು. ಅಪ್ಪನಿಗೆ ಎಲ್ಲ ವಿವರಿಸಿದೆ, ಆತ ತಲೆಯಾಡಿಸಿ ಸಹಿ ಹಾಕಿದ. ಎರಡು ವಾರದ ಮೇಲೆ ಮನೆಗೆ ಹೋದರೆ ಅಪ್ಪ-ಅವ್ವ ಇಬ್ಬರೂ ಬೆಳಿಗ್ಗೆ ಏಳಕ್ಕೇ ಕೂಲಿ ಹುಡುಕಲು ನಾಕಾಕ್ಕೆ ಹೋಗಿದ್ದರು. ಗುಳಗಿ ಕೊಡುತ್ತಿದ್ದವಳು ಆಯಿ, ಅಂದರೆ ಹುಡುಗನ ಅಜ್ಜಿ. ದೊಡ್ಡ ಲೋಟದ ತುಂಬ ಹಾಲಿಗೆ ಗುಳಗಿ ಹಾಕಿ ಕದಡಿದ್ದಳು. ಹುಡುಗ ಅರ್ಧ ಕುಡಿದಿದ್ದ, ಉಳಿದರ್ಧ ಸಂಜೆಗೆಂದು ಮುಚ್ಚಿಟ್ಟಿದ್ದಳು. "ಹಾಲಾಗ ಹಾಕಿದ್ರ ಕುಡೀತಾನಂತ ಹಾಕೇನ್ರಿ ಅಕ್ಕಾರ. ನನಗ್ಯಾರು ಹೇಳ್ಯಾರ?" ಅಂದಳು.

ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು. ಅಲ್ಲೇ ನೆಲದ ಮೇಲೆ ಕುಳಿತು ತೋರಿಸಿದೆ. ಚಿಕ್ಕ ಸ್ಟೀಲ್ ಲೋಟ, ಅದರಲ್ಲಿ ಕಾಯಿಸಿ ಆರಿಸಿದ ನೀರು 50 ಮಿಲಿ. ಮಕ್ಕಳ ಗುಳಗಿ ನೀರಿಗೆ ಬಿದ್ದರೆ ತಾನೇ ಕರಗುತ್ತದೆ, ಕುಟ್ಟಬೇಕಿಲ್ಲ. ಹತ್ತು ನಿಮಿಷದೊಳಗೆ ಪೂರ್ತಿ ಕುಡಿಸಬೇಕು, ಲೋಟದ ತಳಕ್ಕೆ ಅಂಟಿದ್ದನ್ನೂ ನೀರು ಹಾಕಿ ತೊಳೆದು ಕುಡಿಸಬೇಕು. ಖಾಲಿ ಹೊಟ್ಟೆಯಲ್ಲಿ, ದಿನಾ ಒಂದೇ ಹೊತ್ತಿಗೆ. ಮರುದಿನ ಆಯಿಯೇ ಮಾಡಿದಳು, ನಾನು ನೋಡಿದೆ. ಅಕ್ಷರ ಬಾರದ ಆಕೆ ಅಂದಿನಿಂದ ಬಾಗಿಲ ಹಿಂದೆ ದಿನಕ್ಕೊಂದು ಸುಣ್ಣದ ಗೆರೆ ಎಳೆದಳು. ನನ್ನ ಚಿಕಿತ್ಸಾ ಕಾರ್ಡಿಗಿಂತ ಆ ಗೆರೆಗಳನ್ನೇ ಹೆಚ್ಚು ನಂಬಿದೆ.

2. ತೂಕ ಏರಿದರೆ ಗುಳಗಿಯೂ ಏರುತ್ತದೆ.

8ರಿಂದ 11 ಕೆ.ಜಿ. ಇರುವ ಮಗುವಿಗೆ ಮೂರು ಔಷಧಿ ಸೇರಿದ ಗುಳಗಿ ದಿನಕ್ಕೆ 2, 12ರಿಂದ 15 ಕೆ.ಜಿ.ಗೆ 3. ಎಥಾಂಬುಟಾಲ್ ಎಂಬ ಇನ್ನೊಂದು ಗುಳಗಿ ಬೇರೆ. ಮಗು ಚೇತರಿಸಿಕೊಂಡು ಮೈ ತುಂಬಿಕೊಂಡರೆ ಹಳೆಯ ಲೆಕ್ಕ ಸಾಲದು. ಆ ಹುಡುಗ 11ರಿಂದ 12 ಕೆ.ಜಿ.ಗೆ ಏರಿದಾಗ ಮನೆಯವರು ಗಾಬರಿಯಾದರು: "ಆರಾಮ ಆಗ್ಯಾನಲ್ಲ, ಮತ್ಯಾಕ ಜಾಸ್ತಿ?" ಹಾಗಾಗಿ ಈಗ ಮೊದಲ ದಿನವೇ ಹೇಳಿಬಿಡುತ್ತೇನೆ: ಗುಳಗಿ ಹೆಚ್ಚಾಯಿತೆಂದರೆ ಮಗು ಬೆಳೆಯಿತೆಂದರ್ಥ.

3. ಕೆಂಪು ಮೂತ್ರದ ಮಾತು ಮುಂಚೆಯೇ ಆಡಿ.

ಆ ಗುಳಗಿಯಲ್ಲಿರುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ-ಕೆಂಪಾಗುತ್ತದೆ. ಹೇಳದಿದ್ದರೆ ಅವ್ವಂದಿರು ರಕ್ತವೆಂದು ಹೆದರಿ ಅಂದೇ ಗುಳಗಿ ನಿಲ್ಲಿಸುತ್ತಾರೆ. ಅದಕ್ಕೆ ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ದೃಷ್ಟಿ ಮಸುಕಾದರೆ ಮಾತ್ರ ತಡಮಾಡದೆ ಡಾಕ್ಟರ ಬಳಿಗೆ.

4. ಮಗುವಿಗೆ ಅಂಟಿಸಿದವರು ಮನೆಯಲ್ಲೇ ಕೆಮ್ಮುತ್ತಿರಬಹುದು.

ಚಿಕ್ಕ ಮಕ್ಕಳಿಗೆ ಟಿ.ಬಿ. ಬರುವುದು ಬಹುತೇಕ ಹತ್ತಿರದ ದೊಡ್ಡವರಿಂದ. "ಅಜ್ಜಂದು ಬೀಡಿ ಕೆಮ್ಮು" ಎಂದರೆ ನಾನು ಒಪ್ಪುವುದಿಲ್ಲ, ಕಫ ಪರೀಕ್ಷೆಯ ಡಬ್ಬಿ ಕೈಗೆ ಕೊಟ್ಟೇ ಹೊರಡುತ್ತೇನೆ. ರೋಗವಿಲ್ಲದಿದ್ದರೂ ಮನೆಯ ಪುಟ್ಟ ಮಕ್ಕಳಿಗೆ, ಅದರಲ್ಲೂ ಐದು ವರ್ಷದೊಳಗಿನವರಿಗೆ, ಟಿ.ಬಿ. ಬಾರದಂತೆ ತಡೆಯುವ ಔಷಧಿ ಬೇಕು. ಇನ್ನೊಂದು ಮಾತು. ಕಾಯಿಲೆಯಾದ ಮಗುವಿನ ತಟ್ಟೆ-ಲೋಟ ಬೇರೆ ಇಡಬೇಡಿ. ಇದು ತಟ್ಟೆಯಿಂದ ಹರಡುವ ರೋಗವಲ್ಲ, ಚಿಕ್ಕ ಮಕ್ಕಳು ಬೇರೆಯವರಿಗೆ ಹರಡುವುದೂ ಬಹಳ ಕಡಿಮೆ. ಮೂಲೆಯಲ್ಲಿ ಒಂಟಿಯಾಗಿ ಉಣ್ಣುವ ಮಗುವನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

5. ಎರಡು ತಿಂಗಳಾದ ಮೇಲೆ ಹೆಚ್ಚು ಎಚ್ಚರ ಬೇಕು.

ಜ್ವರ ಹೋಗಿರುತ್ತದೆ, ಮಗು ಆಡುತ್ತಿರುತ್ತದೆ, ಗುಳಗಿಯ ಪಾಕೀಟೂ ಬದಲಾಗುತ್ತದೆ. ಮುಗಿಯಿತೆಂದುಕೊಳ್ಳುತ್ತಾರೆ. ಇನ್ನೂ ನಾಲ್ಕು ತಿಂಗಳಿರುತ್ತದೆ. ಮೆದುಳಿನ ಅಥವಾ ಬೆನ್ನುಮೂಳೆಯ ಟಿ.ಬಿ.ಯಾದರೆ ಅದಕ್ಕೂ ಹೆಚ್ಚು.

6. ಹಣ ಬಂತೇ ಎಂದು ವಿಚಾರಿಸಿ.

ಟಿ.ಬಿ. ರೋಗಿಗಳ ಆಹಾರಕ್ಕೆಂದು ಸರಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರ್‌ನಿಂದ 1000. ಮೊಟ್ಟೆ, ಶೇಂಗಾ, ಬೇಳೆಗೆ ಅದು ದೊಡ್ಡ ಆಸರೆ.

7. ಊರಿಗೆ ಹೊರಡುವ ಮುಂಚೆ ಊರಿನವರೊಡನೆ ಮಾತಾಡಿ.

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಹೋಳಿಯಾದ ಮೇಲೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆ. ನಾಲ್ಕು ದಿನಕ್ಕೆಂದು ಹೋದವರು ತಿಂಗಳು ನಿಲ್ಲುತ್ತಾರೆ, ಮಗುವನ್ನು ಅಲ್ಲೇ ಬಿಟ್ಟು ಬರುವುದೂ ಉಂಟು. ರೋಗಿಯ ನೋಂದಣಿ ಸಂಖ್ಯೆಯಾದ ನಿಕ್ಷಯ್ ಐಡಿ ದೇಶದಾದ್ಯಂತ ನಡೆಯುತ್ತದೆ, ಅಲ್ಲಿನ ಸರಕಾರಿ ದವಾಖಾನೆಯಲ್ಲೂ ಔಷಧಿ ಸಿಗುತ್ತದೆ. ಸಹಾಯವಾಣಿ 1800-11-6666. ಆದರೆ ಅಲ್ಲಿ ಗುಳಗಿ ಕೊಡುವ ಕೈ ಬೇರೆ. ಅದಕ್ಕೇ ಹೊರಡುವ ಮುಂಚೆ ಊರಲ್ಲಿ ಮಗುವನ್ನು ನೋಡಿಕೊಳ್ಳುವ ಸಣ್ಣವ್ವನಿಗೆ ವಿಡಿಯೋ ಕರೆ ಹಚ್ಚಿಸುತ್ತೇನೆ. ಕ್ಷೇಮ ಕೇಳಿದ ಮೇಲೆ ಹೇಳುವುದು ಒಂದೇ: "ಯವ್ವಾ, ಯಾವ ಲೋಟದಾಗ ಕೊಡ್ತೀ, ಒಮ್ಮೆ ತಂದು ತೋರಿಸು."