ಹೊಟ್ಟೆಗೂ ಗೊತ್ತು ಮಾರ್ಚ್ ಎಂಡ್

ಬ್ಯಾಂಕಿಗೆ ಕಂಪ್ಯೂಟರ್ ಬರುವುದಕ್ಕೆ ಮುಂಚಿನ ಮಾತು. ಮಾರ್ಚ್ 31ರ ರಾತ್ರಿ ಹನ್ನೊಂದಾದರೂ ನಮ್ಮ ಶಾಖೆಯ ಲೆಕ್ಕ ತಾಳೆಯಾಗಿರಲಿಲ್ಲ. 27 ರೂಪಾಯಿ ವ್ಯತ್ಯಾಸ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬೇಕು ಎಂಬುದು ಲೆಡ್ಜರ್ ಕಾಲದವರಿಗೆಲ್ಲ ಗೊತ್ತಿದ್ದ ಗುಟ್ಟು. ಗೊತ್ತಿದ್ದೂ ಹುಡುಕಲು ಎರಡು ಗಂಟೆ ಹಿಡಿಯಿತು. 63 ಇರಬೇಕಾದಲ್ಲಿ 36 ಬರೆದ ಮಹಾನುಭಾವ ನಾನೇ. ಆ ಎರಡು ಗಂಟೆಯಲ್ಲಿ ಬಾಯಿ ಒಣಗಿತು, ಅಂಗೈ ಬೆವರಿ ಪೆನ್ನು ಜಾರಿತು, ಮಧ್ಯಾಹ್ನದ ಚಿತ್ರಾನ್ನ ಎದೆಗೆ ಬಂದು ಕೂತಿತು. ಪಕ್ಕದ ಮೇಜಿನ ಹಿರಿಯರು ಡ್ರಾಯರಿನಿಂದ ಜೆಲುಸಿಲ್ ತೆಗೆದು, "ಗ್ಯಾಸ್ಟ್ರಿಕ್ ಕಣಯ್ಯ, ಚಪ್ಪರಿಸು" ಅಂದರು.

ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂಬುದು ಕಾಯಿಲೆಯ ಹೆಸರೇ ಅಲ್ಲ, ಅದೊಂದು ಸಸ್ಪೆನ್ಸ್ ಅಕೌಂಟ್. ಎಲ್ಲಿಗೆ ಸೇರಿಸಬೇಕೋ ತಿಳಿಯದ್ದನ್ನೆಲ್ಲ ಅದರೊಳಗೆ ಹಾಕಿ ಆ ದಿನದ ಬಾಗಿಲು ಮುಚ್ಚುತ್ತೇವೆ. ಕತ್ತು ಹಿಡಿದರೆ ಮುಲಾಮು, ತಲೆ ಸಿಡಿದರೆ ಮಾತ್ರೆ, ನಿದ್ದೆ ಬಾರದಿದ್ದರೆ ಮೊಬೈಲು. ಇವೆಲ್ಲ ಟೆನ್ಶನ್ ಎಂಬ ಒಂದೇ ಖಾತೆಯ ಬೇರೆ ಬೇರೆ ಪುಟಗಳಿರಬಹುದೆಂದು ಅನ್ನಿಸುವುದೇ ಇಲ್ಲ.

ಮೈಯೊಳಗೆ ಆಗುವುದೇನು?

ಅಟ್ಟಿಸಿಕೊಂಡು ಬರುವ ನಾಯಿ, ಹೆಡ್ಡಾಫೀಸಿನ ಫೋನು, ಎರಡನ್ನೂ ಮೈ ಒಂದೇ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತದೆ. ಮೆದುಳು ಅಪಾಯದ ಗಂಟೆ ಬಾರಿಸಿದ ಕೂಡಲೇ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹಿಂದೆಯೇ ಕಾರ್ಟಿಸಾಲ್ ಬರುತ್ತದೆ. ಎದೆಬಡಿತ ಏರುತ್ತದೆ, ಪಿತ್ತಜನಕಾಂಗ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಹೊಟ್ಟೆಗೆ ಹರಿಯಬೇಕಾದ ರಕ್ತ ಕೈಕಾಲಿನ ಸ್ನಾಯುಗಳತ್ತ ತಿರುಗುತ್ತದೆ. ಓಡಬೇಕಾದವನಿಗೆ ಚಿತ್ರಾನ್ನ ಅರಗಿಸುವುದು ತುರ್ತಲ್ಲವಲ್ಲ! ಅಮೆರಿಕದ ವಾಲ್ಟರ್ ಕ್ಯಾನನ್ 1915ರಷ್ಟು ಹಿಂದೆಯೇ ಈ 'ಕಾದಾಡು, ಇಲ್ಲವೇ ಓಡು' ಏರ್ಪಾಡನ್ನು ವಿವರಿಸಿದ್ದರು. ನಮ್ಮ ಫಜೀತಿಯೆಂದರೆ ನಾವು ಕಾದಾಡುವುದೂ ಇಲ್ಲ, ಓಡುವುದೂ ಇಲ್ಲ, ಕುರ್ಚಿಯಲ್ಲೇ ಕೂತಿರುತ್ತೇವೆ. ತಿಂಗಳುಗಟ್ಟಲೆ ಹೀಗೇ ನಡೆದರೆ ನಿದ್ದೆ ಕೆಡುತ್ತದೆ, ಬಿಪಿ ಮತ್ತು ಸಕ್ಕರೆ ಹತೋಟಿ ತಪ್ಪಬಹುದು, ಕೆಲವು ಹೆಂಗಸರಿಗೆ ಮುಟ್ಟಿನ ದಿನಗಳು ಏರುಪೇರಾಗುತ್ತವೆ, ನೆಗಡಿ ಬೇಗ ಅಂಟುತ್ತದೆ.

ಇಲ್ಲೊಂದು ಎಚ್ಚರಿಕೆ. 1936ರಲ್ಲಿ ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ ಇಲಿಗಳನ್ನು ಚಳಿ, ಗಾಯ, ಅತಿಯಾದ ದಣಿವು ಎಂದು ನಾನಾ ಬಗೆಯ ಕಾಟಕ್ಕೆ ಒಡ್ಡಿ ನೋಡಿದರು. ಕಾಟ ಯಾವುದಾದರೂ ಫಲ ಹೆಚ್ಚುಕಡಿಮೆ ಒಂದೇ: ಊದಿದ ಅಡ್ರಿನಲ್, ಕುಗ್ಗಿದ ಥೈಮಸ್, ಜಠರದಲ್ಲಿ ಹುಣ್ಣು. ಮನುಷ್ಯರ ಅಲ್ಸರ್‌ಗೂ ಟೆನ್ಶನ್ನೇ ಮೂಲ ಎಂದು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಒಂದು ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾವೇ ಕುಡಿದು, ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. ಅವರಿಗೂ ಜೊತೆಗಾರ ರಾಬಿನ್ ವಾರೆನ್‌ಗೂ 2005ರ ನೊಬೆಲ್ ಬಂತು. ಬಹುಪಾಲು ಅಲ್ಸರ್‌ಗಳ ಹಿಂದಿರುವುದು ಆ ಹೆಲಿಕೊಬ್ಯಾಕ್ಟರ್ ಪೈಲೋರಿ, ಇಲ್ಲವೇ ಕತ್ತುನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತ ಹೋದ ನೋವಿನ ಮಾತ್ರೆ. ಹೊಟ್ಟೆನೋವು ವಾರಗಟ್ಟಲೆ ಬಿಡದಿದ್ದರೆ, ಮಲ ಡಾಂಬರಿನಂತೆ ಕಪ್ಪಗಾದರೆ ವೈದ್ಯರಿಗೆ ತೋರಿಸಿ. ಗ್ಯಾಸ್ಟ್ರಿಕ್ ಬಿಟ್ಟು ಟೆನ್ಶನ್ ಎಂಬ ಇನ್ನೊಂದು ಸಸ್ಪೆನ್ಸ್ ಅಕೌಂಟ್ ತೆರೆಯುವುದು ಬೇಡ. ನಿಜಕ್ಕೂ ಟೆನ್ಶನ್ನಿಗೇ ಸೇರಿದ್ದನ್ನು ಇಳಿಸಲು ಈ ಆರು ಹೆಜ್ಜೆ.

ಹೆಜ್ಜೆ 1: ಒಂದು ವಾರದ ಡೇ ಬುಕ್

ಜೇಬಿಗೆ ಹಿಡಿಸುವ ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ಸಮಯ, ಮೈಯಲ್ಲಿ ಏನಾಯಿತು, ಅದಕ್ಕೆ ಅರ್ಧ ಗಂಟೆ ಮುಂಚೆ ಏನು ನಡೆಯಿತು. ಕಾರಣ, ವಿಶ್ಲೇಷಣೆ ಏನೂ ಬೇಡ. ನನ್ನ ಹಳೆಯ ಪುಸ್ತಕದ ಎರಡು ನಮೂದು ಹೀಗಿವೆ. "ಮಂಗಳವಾರ 10.40, ಕತ್ತು ಬಿಗಿ, ಹೆಡ್ಡಾಫೀಸ್ ಫೋನ್." "ಭಾನುವಾರ ಸಂಜೆ 6, ತಲೆನೋವು, ಏನೂ ನಡೆದಿಲ್ಲ. ನಾಳೆ ಸೋಮವಾರ, ಅಷ್ಟೇ." ಏಳು ದಿನ ಬರೆದರೆ ನಿಮ್ಮ ಮೈ ಮೊದಲು ಎಲ್ಲಿ ಗಂಟೆ ಬಾರಿಸುತ್ತದೆ ಎಂಬುದು ತಿಳಿಯುತ್ತದೆ. ಒಬ್ಬರಿಗೆ ದವಡೆ, ಒಬ್ಬರಿಗೆ ಹೊಟ್ಟೆ, ಇನ್ನೊಬ್ಬರಿಗೆ ಮನೆಯವರ ಮೇಲೆ ಸಿಡುಕು.

ಹೆಜ್ಜೆ 2: ಗಂಟೆ ಬಾರಿಸಿದಾಗ ಉಸಿರು

ಎದೆಬಡಿತ ಇಳಿಸು ಎಂದು ಹೃದಯಕ್ಕೆ ಆಜ್ಞೆ ಕೊಡಲಾಗದು, ಉಸಿರಿಗೆ ಕೊಡಬಹುದು. ಉಸಿರು ಒಳಗೆಳೆಯುವಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ವೇಗಸ್ ನರ ಅದನ್ನು ನಿಧಾನಿಸುತ್ತದೆ. ಹಾಗಾಗಿ ಬಿಡುವ ಉಸಿರು ಉದ್ದವಿರಬೇಕು.

ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿ. ಬೆಲ್ಟು ಬಿಗಿಯಿದ್ದರೆ ಒಂದು ತೂತು ಸಡಿಲಿಸಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ಉಸಿರೆಳೆಯುತ್ತ ಮನಸ್ಸಿನಲ್ಲೇ ನಾಲ್ಕು ಎಣಿಸಿ, ಹೊಟ್ಟೆಯ ಮೇಲಿನ ಕೈ ಏಳಬೇಕು. ಬಿಡುತ್ತ ಆರು ಎಣಿಸಿ. ಎಣಿಕೆ ಸೆಕೆಂಡಿಗೊಂದರಂತೆ ಸಾಗಿದರೆ ನಿಮಿಷಕ್ಕೆ ಆರು ಉಸಿರಾಟ. ಸುಮ್ಮನಿದ್ದಾಗ ದೊಡ್ಡವರದು ಹನ್ನೆರಡರಿಂದ ಇಪ್ಪತ್ತು ಇರುತ್ತದೆ. ಐದು ನಿಮಿಷ ಮಾಡಿ. ಉಸಿರು ಬಿಗಿಹಿಡಿಯಬೇಡಿ, ತಲೆ ಸುತ್ತಿದರೆ ನಿಲ್ಲಿಸಿ. ನೆಮ್ಮದಿಯಿದ್ದಾಗಲೇ ದಿನಕ್ಕೆರಡು ಸಲ ರೂಢಿ ಮಾಡಿಕೊಂಡರೆ ಮಾತ್ರ ಗಾಬರಿಯಲ್ಲಿ ಕೈಗೆ ಬರುತ್ತದೆ. ಬಾವಿ ತೋಡುವುದು ಬೆಂಕಿ ಬಿದ್ದಾಗ ಅಲ್ಲ.

ಹೆಜ್ಜೆ 3: ಬಿಗಿದು ಬಿಡುವುದು

ಸ್ನಾಯುವನ್ನು ಸಡಿಲಿಸಬೇಕಾದರೆ ಮೊದಲು ಬಿಗಿಯಬೇಕು. ಅಮೆರಿಕದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮುಷ್ಟಿಯನ್ನು ಐದು ಸೆಕೆಂಡು ಬಿಗಿಯಿರಿ, ಹತ್ತು ಸೆಕೆಂಡು ಸಡಿಲ ಬಿಡಿ. ಹಾಗೆಯೇ ಭುಜ (ಕಿವಿಯವರೆಗೆ ಎತ್ತಿ), ದವಡೆ, ಹೊಟ್ಟೆ, ತೊಡೆ, ಪಾದ. ಮಲಗುವ ಮುಂಚೆ ಮಾಡಿದರೆ ಒಳ್ಳೆಯದು.

ಹೆಜ್ಜೆ 4: ಚಿಂತೆಗೊಂದು ವೇಳೆ

ಚಿಂತೆಗೂ ಚಿತೆಗೂ ಒಂದೇ ಸೊನ್ನೆಯ ವ್ಯತ್ಯಾಸ ಅನ್ನುವವರಿದ್ದಾರೆ. ಅದನ್ನು ಕೇಳಿ ಯಾರ ಬಿಪಿಯೂ ಇಳಿದದ್ದನ್ನು ನಾನು ಕಾಣೆ. ಚಿಂತಿಸಬೇಡಿ ಎಂದರೆ ಚಿಂತೆ ಹೋಗದು, ಮುಂದೂಡಿದರೆ ಒಪ್ಪುತ್ತದೆ. ಇಲ್ಲಿ ಮಾತ್ರ ಸಸ್ಪೆನ್ಸ್ ಅಕೌಂಟನ್ನು ನಿಯಮದಂತೆ ಬಳಸಿ. ರಾತ್ರಿ ಕಾಡಿದ್ದನ್ನು ಒಂದು ಸಾಲಿನಲ್ಲಿ ಬರೆದು ಪಕ್ಕದಲ್ಲಿ "ನಾಳೆ ಸಂಜೆ 6" ಎಂದು ಹಾಕಿ. ಮರುದಿನ ಆ ಹೊತ್ತಿಗೆ ಹದಿನೈದು ನಿಮಿಷ ಕೂತು, ನಮ್ಮ ಕೈಯಲ್ಲಿರುವುದಕ್ಕೆ ಮುಂದಿನ ಒಂದು ಕೆಲಸ ಬರೆಯಿರಿ, ಇಲ್ಲದ್ದಕ್ಕೆ ಗೀಟು ಎಳೆಯಿರಿ. ತೀರುವಳಿಯಾಗದೆ ಉಳಿದರೆ ಆಡಿಟ್‌ನವರು ಸುಮ್ಮನಿರರು, ಮೈಯೂ ಹಾಗೇ.

ಗೀಟು ಎಳೆಯಲಾಗದ ನಮೂದುಗಳೂ ಇವೆ. ನಾಲ್ವರ ಕೆಲಸವನ್ನು ಇಬ್ಬರ ತಲೆಗೆ ಕಟ್ಟಿ, ಆಮೇಲೆ ಅದೇ ಇಬ್ಬರಿಗೆ ಪ್ರಾಣಾಯಾಮ ಶಿಬಿರ ಏರ್ಪಡಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಶಿಬಿರದ ದಿನದ ಬಾಕಿ ಕೆಲಸವನ್ನು ಭಾನುವಾರ ಬಂದು ಮುಗಿಸಿದೆವು! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂಬುದನ್ನು ತನ್ನ ಪಟ್ಟಿಯಲ್ಲಿ ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಅಂಟಿದ ಸಂಗತಿಯಾಗಿ ನಮೂದಿಸಿದೆ. ಹೊರೆ ಹೆಚ್ಚಿದ್ದರೆ ಕೆಲಸಗಳ ಪಟ್ಟಿ ಬರೆದು ಮೇಲಿನವರ ಮುಂದಿಟ್ಟು, "ಸರ್, ಇದರಲ್ಲಿ ಇವತ್ತು ಯಾವುದು ಮೊದಲು, ಯಾವುದು ಬಿಡಲಿ?" ಎಂದು ಕೇಳಿ. ಆಗಲ್ಲ ಎನ್ನುವುದಕ್ಕಿಂತ ಇದು ಸುಲಭ.

ಹೆಜ್ಜೆ 5: ಕಾಫಿ, ನಡಿಗೆ, ನಿದ್ದೆ

ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ತಾಸು ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಲೋಟ ರಾತ್ರಿ ಹತ್ತಕ್ಕೂ ಒಳಗೆ ಓಡಾಡುತ್ತಿರುತ್ತದೆ. ಬಿಡಲಾಗದವರು ಮೂರು ಗಂಟೆಯೊಳಗೆ ಒಂದು ಬೈಟು ಕುಡಿದು ಮುಗಿಸಲಿ. "ಎರಡು ಪೆಗ್ ಹಾಕಿದ್ರೆ ಚೆನ್ನಾಗಿ ನಿದ್ದೆ" ಎನ್ನುವವರಿಗೆ ನಿದ್ದೆ ಬೇಗ ಹತ್ತುವುದು ನಿಜ, ನಡುರಾತ್ರಿಯ ಮೇಲೆ ಅದು ಚೂರುಚೂರಾಗುವುದೂ ನಿಜ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಬಸ್ಸಿನಿಂದ ಒಂದು ಸ್ಟಾಪ್ ಮುಂಚೆ ಇಳಿದರೂ ಲೆಕ್ಕಕ್ಕೆ ಬರುತ್ತದೆ.

ಹೆಜ್ಜೆ 6: ಯಾವಾಗ ಕಾಯಬಾರದು

ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು, ಉಬ್ಬಸ ಕಂಡರೆ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಆಗಲಿ. ಪ್ಯಾನಿಕ್ ಎಂದು ಹೇಳಬೇಕಾದವರು ವೈದ್ಯರೇ ಹೊರತು ನಾವಲ್ಲ. ಎರಡು ವಾರ ಮೀರಿ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಟೆಲಿ ಮಾನಸ್‌ಗೆ ಕರೆ ಮಾಡಿ: 14416. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೇವೆ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಪುಕ್ಕಟೆ, ಕನ್ನಡದಲ್ಲೇ ಮಾತನಾಡಬಹುದು. ಫೋನ್ ಹಿಡಿಯುವಾಗ ಆ ಡೇ ಬುಕ್ ಪಕ್ಕದಲ್ಲಿರಲಿ. "ಯಾವಾಗಿಂದ ಹೀಗಾಗ್ತಿದೆ?" ಎಂದು ಕೇಳಿದರೆ ನೆನಪಿಸಿಕೊಳ್ಳಲು ತಡಕಾಡಬೇಕಿಲ್ಲ.