ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಫೈಲ್ ಸರ್ವರ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಎರಡೇ ದಿನ ಬಾಕಿ. ಸಂಘದ ಹಳೇ ನಾಟಕಗಳ ವಿಡಿಯೋ ಸೇರಿಸಿ ಹತ್ತು ನಿಮಿಷದ ಒಂದು ಚಿತ್ರ ಮಾಡೋಣ ಅಂತ ನಾವು ನಾಲ್ಕು ಜನ ಸಂಘದ ರೂಮಿನಲ್ಲಿ ಕೂತಿದ್ವಿ. ವಿಡಿಯೋ ಎಲ್ಲ ಇರೋದು ಮೂಲೆಯಲ್ಲಿರುವ ಫೈಲ್ ಸರ್ವರ್‌ನಲ್ಲಿ. ಸರ್ವರ್ ಅಂದ್ರೆ ದೊಡ್ಡದೇನೂ ಅಲ್ಲ. ಒಂದು ಹಳೇ ಡೆಸ್ಕ್‌ಟಾಪ್, ಅದರಲ್ಲಿ 2 ಟಿಬಿಯ ಎರಡು ಹಾರ್ಡ್ ಡಿಸ್ಕ್, ಉಬುಂಟು, ಫೈಲ್ ಹಂಚೋಕೆ ಸಾಂಬಾ. ಸಂಜೆ ಕರೆಂಟ್ ಹೋಗಿ ಬಂತು. ಆಮೇಲೆ ಯಾರ ಲ್ಯಾಪ್‌ಟಾಪ್‌ನಲ್ಲೂ ಸರ್ವರ್ ತೆರೆಯಲಿಲ್ಲ.

"ಮಗಾ, ಡಿಸ್ಕ್ ಹೋಗಿದೆ ಕಣೋ. ಫಾರ್ಮ್ಯಾಟ್ ಹೊಡೆದು ಹೊಸದಾಗಿ ಇನ್‌ಸ್ಟಾಲ್ ಮಾಡ್ಬಿಡೋಣ" ಅಂದ ನಮ್ಮಲ್ಲೊಬ್ಬ. ಪೆನ್‌ಡ್ರೈವ್ ಕೂಡ ರೆಡಿ ಮಾಡ್ಕೊಂಡಿದ್ದ. ಉಳಿದ ಮೂವರೂ "ಹೂಂ" ಅನ್ನೋದರಲ್ಲಿದ್ವಿ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಫೈನಲ್ ಇಯರ್ ಸೀನಿಯರ್ ಒಬ್ಬರು ಕೇಳಿದ್ರು: "ಈ ವಿಡಿಯೋಗಳ ಇನ್ನೊಂದು ಕಾಪಿ ಎಲ್ಲಿದೆ?" ಎಲ್ಲೂ ಇರಲಿಲ್ಲ. ಮೂರು ವರ್ಷದ ನಾಟಕಗಳು, ನಿವೃತ್ತರಾದ ಲೈಬ್ರರಿ ಅಟೆಂಡರ್ ಜೊತೆ ನಾವು ಮಾಡಿದ್ದ ಒಂದು ಗಂಟೆಯ ಮಾತುಕತೆ, ಎಲ್ಲ ಆ ಒಂದೇ ಪೆಟ್ಟಿಗೆಯಲ್ಲಿ.

ಪೆನ್‌ಡ್ರೈವ್ ಪಕ್ಕಕ್ಕಿಟ್ಟು ಕ್ರಮವಾಗಿ ಹುಡುಕೋಕೆ ಶುರು ಮಾಡಿದ್ವಿ. ನೆಟ್‌ವರ್ಕ್ಸ್ ಪಾಠದಲ್ಲಿ ಓದೋ ಲೇಯರ್‌ಗಳನ್ನ ನಾವು ಮೊದಲ ಸಲ ಕೆಲಸಕ್ಕೆ ಬಳಸಿದ್ದು ಅವತ್ತೇ. ಆ ಕ್ರಮ ನಿಮಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲಿ ಬರೀತಿದ್ದೀವಿ.

1. ತೊಂದರೆ ಯಾರಿಗೆ?

ಏನನ್ನೂ ಮುಟ್ಟೋ ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ತೊಂದರೆ ಇದ್ದರೆ ಮೊದಲು ಆ ಲ್ಯಾಪ್‌ಟಾಪ್ ನೋಡಬೇಕು. ಎಲ್ಲರಿಗೂ ಇದ್ದರೆ ಸರ್ವರ್, ಸ್ವಿಚ್ ಅಥವಾ ರೌಟರ್ ಕಡೆ ಹೋಗಬೇಕು. ನಮ್ಮಲ್ಲಿ ನಾಲ್ವರಿಗೂ ಒಂದೇ ಕಥೆ. ಹಾಗಾಗಿ ಲ್ಯಾಪ್‌ಟಾಪ್‌ಗಳನ್ನ ಬಿಟ್ವಿ.

2. ತಂತಿ ಮತ್ತು ದೀಪ

ಸರ್ವರ್ ಆನ್ ಇದೆಯಾ? ಕೇಬಲ್ ಗಟ್ಟಿಯಾಗಿ ಕೂತಿದೆಯಾ? ಸ್ವಿಚ್‌ನಲ್ಲಿ ಆ ಪೋರ್ಟಿನ ದೀಪ ಉರೀತಿದೆಯಾ? ಉರೀತಿತ್ತು. "ಸರಿ ಇದೆ" ಅಂತ ಮುಂದೆ ಹೋದ್ವಿ. ಇಲ್ಲಿ ನಾವೊಂದು ತಪ್ಪು ಮಾಡಿದ್ವಿ, ಅದು ಕೊನೆಯಲ್ಲಿ ಗೊತ್ತಾಯ್ತು.

3. ವಿಳಾಸ

ಲ್ಯಾಪ್‌ಟಾಪ್‌ನಲ್ಲಿ ಐಪಿಕಾನ್ಫಿಗ್ ಹಾಕಿ ನಮ್ಮ ಐಪಿ ವಿಳಾಸ ನೋಡಿದ್ವಿ. ಅದು 169.254 ಅಂತ ಶುರುವಾದ್ರೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. ನಮ್ಮದು 192.168.1 ಅಂತಲೇ ಇತ್ತು, ಸರಿ. ಮುಂದೆ ಸರ್ವರ್‌ನ ವಿಳಾಸ 192.168.1.20ಕ್ಕೆ ಪಿಂಗ್ ಮಾಡಿದ್ವಿ. ಉತ್ತರ ಬಂತು! "ನೋಡ್ದಾ, ನೆಟ್‌ವರ್ಕ್ ಸರಿ ಇದೆ, ಡಿಸ್ಕೇ ಹೋಗಿರೋದು" ಅಂತ ಪೆನ್‌ಡ್ರೈವ್ ಗೆಳೆಯ ಮತ್ತೆ ಎದ್ದ.

4. ಬಾಗಿಲು

ಪಿಂಗ್ ಅಂದ್ರೆ ಮನೆ ಮುಂದೆ ನಿಂತು ಕೂಗಿದ ಹಾಗೆ. ಯಾರೋ "ಓ" ಅಂದ್ರು ಅಂದ ಮಾತ್ರಕ್ಕೆ ಬಾಗಿಲು ತೆಗೆದಿದೆ ಅಂತಲ್ಲ. ವಿಂಡೋಸ್ ಫೈಲ್ ಹಂಚಿಕೆ ನಡೆಯೋದು ಟಿಸಿಪಿ 445ನೇ ಪೋರ್ಟಿನಲ್ಲಿ. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ವಿಳಾಸ ಮತ್ತು ಪೋರ್ಟ್ ಕೊಟ್ಟರೆ ಆ ಬಾಗಿಲು ತೆಗೆದಿದೆಯಾ ಅಂತ ಹೇಳುತ್ತೆ. ನಮಗೆ "ಇಲ್ಲ" ಅಂತ ಬಂತು. ಅಂದ್ರೆ ಸಾಂಬಾ ಓಡ್ತಿಲ್ಲ, ಅಥವಾ ಫೈರ್‌ವಾಲ್ ತಡೀತಿದೆ. ಮೂರನೇದು ನಮಗೆ ಹೊಳೆದೇ ಇರಲಿಲ್ಲ: ಉತ್ತರ ಕೊಡ್ತಿರೋದು ನಮ್ಮ ಸರ್ವರ್ರೇ ಅಲ್ಲದೇ ಇರಬಹುದು.

5. ಮಾತಾಡ್ತಿರೋದು ಯಾರ ಜೊತೆ?

ಪಕ್ಕದ ಮೇಜಿನ ಮಾನಿಟರ್ ತಂದು ಸರ್ವರ್‌ಗೆ ಜೋಡಿಸಿದ್ವಿ. ಅದು ಆರಾಮಾಗಿ ಓಡ್ತಿತ್ತು. ಸಾಂಬಾನೂ ಓಡ್ತಿತ್ತು, ಫೈಲ್‌ಗಳೂ ಇದ್ದವು. ಆದ್ರೆ ಅದರ ವಿಳಾಸ 192.168.1.37 ಆಗಿಬಿಟ್ಟಿತ್ತು. ಹಾಗಾದ್ರೆ 20ರಲ್ಲಿ "ಓ" ಅಂದಿದ್ದು ಯಾರು? ಲ್ಯಾಪ್‌ಟಾಪ್‌ನಲ್ಲಿ ಎಆರ್‌ಪಿ ಪಟ್ಟಿ ತೆಗೆದು 20ರ ಮ್ಯಾಕ್ ವಿಳಾಸ ನೋಡಿದ್ವಿ. ಅದು ಸರ್ವರ್‌ನದ್ದಲ್ಲ, ರೂಮಿನ ಪ್ರಿಂಟರ್‌ದು!

ಆಗಿದ್ದು ಇಷ್ಟು. ಸರ್ವರ್‌ಗೆ ವಿಳಾಸ ಕೊಡ್ತಿದ್ದದ್ದು ರೌಟರ್‌ನ ಡಿಎಚ್‌ಸಿಪಿ. ಕರೆಂಟ್ ಹೋದಾಗ ರೌಟರ್ ಹಳೇ ಹಂಚಿಕೆ ಮರೆತಿದೆ. ಕರೆಂಟ್ ಬಂದ ಮೇಲೆ ಪ್ರಿಂಟರ್ ಮೊದಲು ಎದ್ದು 20 ತಗೊಂಡಿದೆ, ನಿಧಾನಕ್ಕೆ ಎದ್ದ ಸರ್ವರ್‌ಗೆ 37 ಸಿಕ್ಕಿದೆ. ನಮ್ಮ ಶಾರ್ಟ್‌ಕಟ್‌ಗಳೆಲ್ಲ ಹಳೇ ಮನೆಗೇ ಹೋಗ್ತಿದ್ದವು. ರೌಟರ್‌ನಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ 20 ಅನ್ನ ಕಾಯ್ದಿರಿಸಿ, ಮೊದಲು ಪ್ರಿಂಟರ್, ಆಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿದ್ವಿ. ಸರ್ವರ್ ತೆರೆಯಿತು.

6. ವೇಗ

ಖುಷಿ ಐದು ನಿಮಿಷವೂ ಇರಲಿಲ್ಲ. ಕೇಬಲ್ ಹಾಕಿದ್ದ ಲ್ಯಾಪ್‌ಟಾಪ್‌ಗೆ 40 ಜಿಬಿ ವಿಡಿಯೋ ಕಾಪಿ ಹಾಕಿದ್ರೆ ಸೆಕೆಂಡಿಗೆ 11 ಎಂಬಿ. ಅಂದ್ರೆ ಸುಮಾರು ಒಂದು ಗಂಟೆ. ಮತ್ತೆ ಡಿಸ್ಕ್ ಮೇಲೆ ಅನುಮಾನ.

ಇಲ್ಲಿ ಗಣಿತ ಸಹಾಯಕ್ಕೆ ಬಂತು. ನೆಟ್‌ವರ್ಕ್ ವೇಗ ಹೇಳೋದು ಬಿಟ್‌ಗಳಲ್ಲಿ, ಫೈಲ್ ಗಾತ್ರ ಬೈಟ್‌ಗಳಲ್ಲಿ. 100 ಎಂಬಿಪಿಎಸ್ ಅನ್ನ 8ರಿಂದ ಭಾಗಿಸಿದ್ರೆ 12.5 ಎಂಬಿ. ಪ್ಯಾಕೆಟ್ ಹೆಡರ್‌ಗಳ ಖರ್ಚು ಕಳೆದ್ರೆ 11 ಚಿಲ್ಲರೆ. ನಮ್ಮ ಸ್ವಿಚ್, ಸರ್ವರ್, ಲ್ಯಾಪ್‌ಟಾಪ್ ಮೂರೂ ಗಿಗಾಬಿಟ್. ಹಾಗಿದ್ರೂ ನಡುವೆ ಎಲ್ಲೋ 100ರ ಲಿಂಕ್ ಇದೆ ಅಂತ ಈ 11 ಅನ್ನೋ ಅಂಕಿನೇ ಹೇಳ್ತಿತ್ತು.

ಖಚಿತ ಮಾಡ್ಕೊಳ್ಳೋಕೆ ಐಪರ್ಫ್3 ಓಡಿಸಿದ್ವಿ. ಇದು ಒಂದು ಕಂಪ್ಯೂಟರ್‌ನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ಡೇಟಾ ಕಳಿಸುತ್ತೆ, ಡಿಸ್ಕ್ ಮುಟ್ಟೋದೇ ಇಲ್ಲ. ಬಂದಿದ್ದು 94 ಎಂಬಿಪಿಎಸ್. ಅಂದ್ರೆ ಡಿಸ್ಕ್ ನಿರಪರಾಧಿ. ಸರ್ವರ್‌ನಲ್ಲಿ ಇಥ್‌ಟೂಲ್ ಹಾಕಿದಾಗ ಲಿಂಕ್ ವೇಗ 100 ಅಂತಲೇ ತೋರಿಸ್ತು.

ಕೇಬಲ್ ಹಿಡ್ಕೊಂಡು ಹೋದ್ರೆ, ಅದು ಕಬ್ಬಿಣದ ಮೇಜಿನ ಕಾಲಿನ ಕೆಳಗೆ ಸಿಕ್ಕಿ ಚಪ್ಪಟೆ ಆಗಿತ್ತು. ಈಥರ್ನೆಟ್ ಕೇಬಲ್‌ನಲ್ಲಿ ನಾಲ್ಕು ಜೋಡಿ ತಂತಿ ಇರುತ್ತೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಕಟ್ ಆದ್ರೆ ಎಷ್ಟೋ ನೆಟ್‌ವರ್ಕ್ ಕಾರ್ಡ್‌ಗಳು ಏನೂ ಹೇಳದೆ 100ಕ್ಕೆ ಇಳಿದು ಕೆಲಸ ಮುಂದುವರಿಸ್ತವೆ. ಸ್ವಿಚ್‌ನ ದೀಪ ಇದನ್ನ ಮೊದಲೇ ಹೇಳಿತ್ತು: ನಮ್ಮದರಲ್ಲಿ ಗಿಗಾಬಿಟ್‌ಗೆ ಹಸಿರು, 100ಕ್ಕೆ ಕಿತ್ತಳೆ. ದೀಪ ಉರೀತಿದೆ ಅಂತ ನೋಡಿದ್ವಿ, ಬಣ್ಣ ನೋಡಲಿಲ್ಲ.

ಹೊಸ ಕೇಬಲ್ ಹಾಕಿದ್ವಿ. ದೀಪ ಹಸಿರಾಯ್ತು, ಐಪರ್ಫ್3 940 ತೋರಿಸ್ತು, 40 ಜಿಬಿ ಆರು ಏಳು ನಿಮಿಷದಲ್ಲಿ ಬಂತು.

ನಿಮಗೆ ಹೀಗಾದ್ರೆ ನೆನಪಿರಲಿ:

- ಹೆಸರಿನಿಂದ ತೆರೆಯಲ್ಲ, ಐಪಿಯಿಂದ ತೆರೆಯುತ್ತೆ: ತೊಂದರೆ ಹೆಸರು ಹುಡುಕೋದರಲ್ಲಿದೆ, ಡಿಎನ್‌ಎಸ್ ನೋಡಿ.
- ಪಿಂಗ್ ಬರುತ್ತೆ, 445 ತೆರೆಯಲ್ಲ: ಸಾಂಬಾ, ಫೈರ್‌ವಾಲ್, ಇಲ್ಲಾಂದ್ರೆ ಬೇರೆಯವರ ವಿಳಾಸ.
- 445 ತೆರೆಯುತ್ತೆ, ಒಳಗೆ ಬಿಡಲ್ಲ: ಪಾಸ್‌ವರ್ಡ್ ಅಥವಾ ಪರ್ಮಿಷನ್.
- ಐಪರ್ಫ್3 ಚೆನ್ನಾಗಿದೆ, ಕಾಪಿ ಮಾತ್ರ ನಿಧಾನ: ಈಗ ಡಿಸ್ಕ್ ಮೇಲೆ ಅನುಮಾನ ಪಡಬಹುದು.
- ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನ ಬರೆದಿಡಿ. ನಾಲ್ಕು ಜನ ನಾಲ್ಕು ಕಡೆ ಕೈ ಹಾಕಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗಲ್ಲ.

ಕೊನೆಯದು ನೆಟ್‌ವರ್ಕ್ ವಿಷಯ ಅಲ್ಲ. ನಮ್ಮ ಎರಡು ಡಿಸ್ಕ್ ಒಂದನ್ನೊಂದು ನಕಲು ಮಾಡ್ತವೆ, ಅದಕ್ಕೇ ಬ್ಯಾಕಪ್ ಇದೆ ಅಂದ್ಕೊಂಡಿದ್ವಿ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕಾಪಾಡುತ್ತೆ, ನಿಜ. ಆದ್ರೆ ನಾವೇ ಅಳಿಸಿದ್ರೆ ಎರಡರಲ್ಲೂ ಅಳಿಯುತ್ತೆ. ಅವತ್ತು ಫಾರ್ಮ್ಯಾಟ್ ಹೊಡೆದಿದ್ರೆ ಕಿತ್ತಳೆ ದೀಪ ಹಾಗೇ ಉರೀತಿತ್ತು, ವಿಡಿಯೋಗಳು ಮಾತ್ರ ಇರ್ತಿರಲಿಲ್ಲ. ಅದೇ ರಾತ್ರಿ ಎಲ್ಲವನ್ನೂ ಒಂದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ, ಆ ಡಿಸ್ಕನ್ನ ಬೇರೆ ಕಟ್ಟಡದಲ್ಲಿ ಇಟ್ವಿ. ಪ್ರತಿ ತಿಂಗಳು ಅದಕ್ಕೆ ಹೊಸ ಫೈಲ್ ಸೇರಿಸೋ ಜವಾಬ್ದಾರಿ ಈಗ ಪೆನ್‌ಡ್ರೈವ್ ಗೆಳೆಯನದ್ದೇ.